ಮರಕ್ಕೆ ಹೇಳದ ಸುದ್ದಿ

ಲಾಪೊ ಸತ್ತ ಸುದ್ದಿ ಬೆಟ್ಟದ ಮೇಲಿನ ಆ ಊರಿಗೆಲ್ಲ ಗೊತ್ತಿತ್ತು. ಕಣಿವೆಯ ನೆಂಟರಿಗೆ ಗೊತ್ತಿತ್ತು, ಉಪ್ಪು ಮಾರಲು ಬರುತ್ತಿದ್ದವನಿಗೆ ಗೊತ್ತಿತ್ತು, ಆಗಿನ ಕಾಲದ ನರ್ಸಮ್ಮನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಉಳಿದದ್ದು ಒಂದು ಮರಕ್ಕೆ ಮಾತ್ರ. ಅದಕ್ಕೆ ಹೇಳಬೇಕಾದವಳು ಹೆತ್ತ ತಾಯಿ. ಅವಳು ಹೇಳಿರಲಿಲ್ಲ.

ಬೆಟ್ಟದ ಬುಡಕಟ್ಟಿನವರಾದ ಆ ಕರೆನ್ ಜನರಲ್ಲಿ ಮಗು ಹುಟ್ಟಿದರೆ ಹೊಕ್ಕುಳಬಳ್ಳಿಯನ್ನು ಬಿದಿರಿನ ಅಂಡೆಯೊಳಗಿಟ್ಟು, ತಂದೆಯಾದವನು ಕಾಡಿಗೆ ಹೋಗಿ ಒಂದು ಮರಕ್ಕೆ ಕಟ್ಟಿ ಬರುತ್ತಾನೆ. ಅಂದಿನಿಂದ ಮಗುವಿನ ಜೀವವೂ ಮರದ ಜೀವವೂ ಒಂದೇ. ಎಂಥ ಒರಟನೂ ಕೊಡಲಿ ಹಿಡಿದು ಆ ಮರದ ಹತ್ತಿರ ಸುಳಿಯುವುದಿಲ್ಲ. ಊರಿನ ಬೆನ್ನಿಗಿರುವ ಕಾಡು ಇನ್ನೂ ದಟ್ಟವಾಗಿ ಉಳಿದಿರುವುದು ಸರ್ಕಾರ ನೆಟ್ಟ ಬೋರ್ಡಿನಿಂದಲ್ಲ, ಊರವರೆಲ್ಲ ಅಲ್ಲಿ ಮರವಾಗಿ ನಿಂತಿರುವುದರಿಂದ. ಒಬ್ಬರು ತೀರಿಕೊಂಡಾಗ ಮನೆಯವರು ಹೋಗಿ ಅವರ ಮರಕ್ಕೆ ತಿಳಿಸಬೇಕು. ನಿನ್ನ ಜೊತೆಯ ಜೀವ ಹೋಯಿತು, ನಿನ್ನ ಋಣ ಹರಿಯಿತು, ಇನ್ನು ನಿನ್ನ ಪಾಡಿಗೆ ನೀನಿರು ಎಂದು. ತಿಳಿಸಿದ ಮೇಲೆ ಆ ಮರವನ್ನು ಮುಂದೆ ಹುಟ್ಟುವ ಮಗುವಿಗೆ ಹಿಡಿಯಬಹುದು. ತಿಳಿಸದಿದ್ದರೆ ಮರದ ಪಾಲಿಗೆ ಸತ್ತವರು ಬದುಕಿಯೇ ಇರುತ್ತಾರೆ.

ಆ ಕೊನೆಯ ಮಾತನ್ನು ಹಿಡಿದುಕೊಂಡೇ ಲಾಪೊಮೊ ಇಷ್ಟು ಕಾಲ ಬದುಕಿದ್ದಳು.

ಲಾಪೊಮೊ ಎಂದರೆ ಲಾಪೊಳ ಅಮ್ಮ. ಅಲ್ಲಿ ಚೊಚ್ಚಲ ಮಗುವಿಗೆ ಹೆಸರಿಟ್ಟ ದಿನವೇ ಹೆತ್ತವರ ಹೆಸರು ಮೂಲೆ ಸೇರುತ್ತದೆ. ಅಪ್ಪ ಲಾಪೊಪಾ ಆದ, ಅಮ್ಮ ಲಾಪೊಮೊ ಆದಳು. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಮಗು ಜ್ವರಕ್ಕೆ ಹೋಯಿತು. ಆಮೇಲೆ ಇನ್ನೊಂದು ಆಗಲಿಲ್ಲ. ಮಗಳ ಚಿಂತೆಯಲ್ಲೇ ಸೊರಗಿ ಗಂಡನೂ ಹೋದ. ಸಾಯುವ ಮೊದಲು ಅವನು, "ಮರಕ್ಕೆ ಒಂದು ಮಾತು ಹೇಳಿ ಬಾರೇ" ಅಂದಿದ್ದ. "ನಾಳೆ ಹೋಗ್ತೀನಿ" ಅಂದಿದ್ದಳು. ನಾಳೆ ನಾಳೆ ಎನ್ನುತ್ತ ಅವಳ ತಲೆ ಪೂರ್ತಿ ಬೆಳ್ಳಗಾಯಿತು.

ಮರದ ಹತ್ತಿರ ಅವಳು ಹೋಗುತ್ತಿರಲಿಲ್ಲ ಎಂದಲ್ಲ. ಪ್ರತಿವರ್ಷ ಅದರ ಮುಳ್ಳುಕಾಯಿ ಒಡೆದು ಬೀಜ ಉದುರುವ ಕಾಲಕ್ಕೆ ಬುಟ್ಟಿ ಬೆನ್ನಿಗೇರಿಸಿ ಹೋಗುತ್ತಿದ್ದಳು. ಬುಡದಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಮಗಳ ಸಮಾಚಾರ ಹೇಳುತ್ತಿದ್ದಳು. ಲಾಪೊ ಗದ್ದೆಗೆ ಹೋಗಿದ್ದಾಳೆ, ಅದಕ್ಕೇ ನಾನೊಬ್ಬಳೇ ಬಂದೆ ಎನ್ನುವಳು. ಇನ್ನೊಂದು ವರ್ಷ, ಲಾಪೊ ನೇಯಲು ಕಲಿತಳು ಎನ್ನುವಳು. ಮುಂದೊಂದು ವರ್ಷ ಲಾಪೊ ಕನ್ಯೆಯರ ಬಿಳಿ ನಿಲುವಂಗಿ ಬಿಟ್ಟು ಮದುವೆಯಾದವರ ಕರಿ ರವಿಕೆ ತೊಟ್ಟಳು. ಗಂಡ ಒಳ್ಳೆಯವನು, ಸ್ವಲ್ಪ ಸೋಮಾರಿ. ಆಮೇಲೆ ಎರಡು ಮಕ್ಕಳಾದವು. ದೊಡ್ಡದಕ್ಕೆ ಅಜ್ಜನ ಮೂಗು. ಮರ ಇದನ್ನೆಲ್ಲ ನಂಬಿತೋ ಬಿಟ್ಟಿತೋ, ಕಾಯಿಯನ್ನಂತೂ ಕಡಿಮೆ ಬಿಡಲಿಲ್ಲ.

ಊರವರು ಅವಳು ಎಂದೋ ಹೇಳಿ ಮುಗಿಸಿದ್ದಾಳೆ, ಬೀಜದ ಆಸೆಗೆ ಹೋಗುತ್ತಾಳೆ ಅಂದುಕೊಂಡಿದ್ದರು. ಊರ ಹಿರಿಯ ಗೇಪಾನ ಹೆಂಡತಿಗೆ ಮಾತ್ರ ಗುಮಾನಿ ಇತ್ತು. ಬುಟ್ಟಿ ಹೊತ್ತವಳನ್ನು ಕಂಡರೆ, "ಏನು, ಮಗಳ ಮನೆಗೆ ಹೊರಟ್ಯಾ?" ಎಂದು ಕೆಣಕುವಳು.

"ಹೂಂ ಕಣೆ. ನಿನ್ನ ಸೊಸೆ ಥರ ಅತ್ತೆ ಮುಖ ಕಂಡ ತಕ್ಷಣ ಬಾಗಿಲು ಹಾಕ್ಕೊಳಲ್ಲ ನನ್ನ ಮಗಳು."

ಈ ವರ್ಷವೂ ಹಾಗೆಯೇ ಹೋದಳು. ಬುಡದ ಹತ್ತಿರ ಬಂದು ತಲೆಯೆತ್ತಿದರೆ, ಮರದ ಮೈಗೆ ಹಸಿ ಬಿದಿರಿನ ಅಂಡೆಯೊಂದು ಕಟ್ಟಿತ್ತು. ಬಾಯಿಗೆ ಬಟ್ಟೆ ಮುಚ್ಚಿ, ಹೊಸ ಬಿದಿರ ಸೀಳಿನಿಂದ ಬಿಗಿದಿದ್ದರು. ಲಾಪೊಳ ಅಪ್ಪ ಕಟ್ಟಿದ ಅಂಡೆ ಉದುರಿ ಮಣ್ಣಾಗಿ ಯುಗವೇ ಆಗಿತ್ತು. ಸರಿಸುಮಾರು ಅದೇ ಜಾಗ. ಅವಳು ಅಲ್ಲೇ ಕೂತುಬಿಟ್ಟಳು. ಅಂದು ಮರಕ್ಕೆ ಯಾವ ಸಮಾಚಾರವನ್ನೂ ಹೇಳಲಿಲ್ಲ. ಖಾಲಿ ಬುಟ್ಟಿಯಲ್ಲೇ ಊರಿಗೆ ಇಳಿದಳು.

ಯಾರದೆಂದು ಹುಡುಕಬೇಕಾಗಿರಲಿಲ್ಲ. ಊರಿನಲ್ಲಿ ಈಚೆಗೆ ಹೆತ್ತವಳು ಜೋವಾನ ಹೆಂಡತಿ ನೋಸೇ ಒಬ್ಬಳೇ. ಚೊಚ್ಚಲು ಹೆಣ್ಣು, ಇನ್ನೂ ಹೆಸರಿಟ್ಟಿಲ್ಲ. ಹುಟ್ಟಿದಾಗಿನಿಂದ ಸರಿಯಾಗಿ ಮೊಲೆ ಹಿಡಿಯದೆ ಅಳುತ್ತಿದೆ ಎಂಬುದೂ ಊರಿಗೆ ಗೊತ್ತಿದ್ದದ್ದೇ. ಲಾಪೊಮೊ ಜೋವಾನ ಮನೆಗೆ ಹೋದಾಗ ಗೇಪಾ ಅಲ್ಲೇ ಜಗಲಿಯ ಮೇಲೆ ಪೈಪು ಸೇದುತ್ತ ಕೂತಿದ್ದ. ಒಳಗಿನಿಂದ ಮಗುವಿನ ಸೋತ ಅಳು ಕೇಳುತ್ತಿತ್ತು.

"ನನ್ನ ಮಗಳ ಮೈಗೆ ಹಗ್ಗ ಬಿಗಿದವನು ನೀನೇನೋ?" ಎಂದಳು ಜೋವಾನಿಗೆ.

ಜೋವಾ ಮೆಟ್ಟಿಲಲ್ಲೇ ನಿಂತ. "ಯಾವ ಮಗಳು ದೊಡ್ಡಮ್ಮ?"

"ನನಗೆಷ್ಟು ಮಕ್ಕಳು ಅಂದ್ಕೊಂಡಿದೀಯ?"

ಅವನಿಗೆ ತಿಳಿಯಿತು. ಮುಖ ಇಳಿಯಿತು. "ಅದು ಲಾಪೊ ಅಕ್ಕನ ಮರ ಅಂತ ಅಪ್ಪ ತೋರಿಸಿದ್ರು. ಅಕ್ಕ ಹೋಗಿ ಎಷ್ಟೋ ಕಾಲ ಆಯ್ತಲ್ಲ, ಬಿಟ್ಕೊಟ್ಟಿರ್ತೀರ ಅಂತ... ಒಳ್ಳೆ ಮರ, ಮೈತುಂಬ ಕಾಯಿ. ನನ್ನ ಮಗಳೂ ಹಂಗೇ ತುಂಬಿಕೊಳ್ಳಲಿ ಅಂತ ಆಸೆಪಟ್ಟೆ."

"ನನ್ನನ್ನ ಕೇಳಿದ್ಯಾ?"

"ಇಲ್ಲ. ಕೇಳ್ಬೇಕಿತ್ತು."

ಗೇಪಾ ಪೈಪನ್ನು ಬಾಯಿಂದ ತೆಗೆದ. "ಲಾಪೊಮೊ, ನಿಜ ಹೇಳು. ನೀನು ಮರಕ್ಕೆ ಹೇಳೇ ಇಲ್ವಾ?"

"ನಾಳೆ ಹೇಳೋಣ ಅಂತಿದ್ದೆ," ಎಂದಳು ಅವಳು. ಗೇಪಾ ಪೈಪಿನ ಬೂದಿ ಕೊಡವಿದ. ಬೈಯುವುದು ಅವನ ಸ್ವಭಾವವಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಅಲ್ಲಿಗೆ ಒಂದೇ ಮಣೆ ಮೇಲೆ ಇಬ್ಬರು ಕೂತಂಗಾಯ್ತು," ಎಂದ. "ಅದಕ್ಕೇ ಈ ಕೂಸಿಗೆ ನೆಲೆ ಸಿಕ್ತಿಲ್ಲ."

"ಅಂಡೆ ಬಿಚ್ಚಿ ಬೇರೆ ಮರಕ್ಕೆ ಕಟ್ಟಿಸು."

"ಒಂದು ಸಲ ಕಟ್ಟಿದ್ದನ್ನ ಬಿಚ್ಚೋ ಹಾಗಿಲ್ಲ, ನಿನಗೆ ಗೊತ್ತಿಲ್ದೇ ಇರೋದಾ? ಅದಾಗೇ ಕೊಳೆತು ಬೀಳ್ಬೇಕು."

"ಹಾಗಾದ್ರೆ ನನ್ನ ಮಗಳು ಎದ್ದು ಜಾಗ ಬಿಡ್ಬೇಕಾ?"

"ಹಾಗಂತ ನಾನು ಅಂದೆನಾ? ಮರ ನಿಂದು. ನೀನು ಆಗಲ್ಲ ಅಂದ್ರೆ ಆಗಲ್ಲ. ಇವನ ಮಗು ಮರ ಇಲ್ದೇನೇ ಬೆಳೀಲಿ. ಯಾರೂ ನಿನ್ನನ್ನ ಒಂದು ಮಾತು ಅನ್ನಲ್ಲ."

ಜೋವಾ ಅಷ್ಟರಲ್ಲಿ ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿದ್ದ ಗೂಡಿಗೆ ಹೋಗಿ ಕೋಳಿಯೊಂದನ್ನು ಹಿಡಿದು ತಂದಿದ್ದ. ಇನ್ನೊಬ್ಬರ ಮರ ಮುಟ್ಟಿದರೆ ಕೊಡಬೇಕಾದ ತಪ್ಪುಕಾಣಿಕೆ ಅದು. ಅವಳು ಕೋಳಿಯನ್ನೂ ಅವನನ್ನೂ ನೋಡಿದಳು.

"ಮಗಳನ್ನ ಕೋಳಿಗೆ ಕೇಳ್ತಿದೀಯೇನೋ? ಬಿಡು ಅದನ್ನ, ಮೊಟ್ಟೆಯಾದ್ರೂ ಇಡ್ಲಿ," ಎಂದು ಹೊರಟುಹೋದಳು.

ಮನೆಗೆ ಬಂದು ಬಡಿಸಿಕೊಂಡ ಗಂಜಿಯನ್ನು ಹಾಗೇ ಮುಚ್ಚಿಟ್ಟಳು. ಅವಳಿಗೆ ಎಲ್ಲರ ಮೇಲೂ ಸಿಟ್ಟಿತ್ತು. ಕೇಳದೆ ಕಟ್ಟಿದ ಜೋವಾನ ಮೇಲೆ, ಯಾರೂ ಏನೂ ಅನ್ನಲ್ಲ ಎಂದ ಗೇಪಾನ ಮೇಲೆ, ಕಾಡಿನಲ್ಲಿ ಸೊಟ್ಟ ಮರಗಳು ಬೇಕಾದಷ್ಟಿರುವಾಗ ಎಲ್ಲರ ಕಣ್ಣು ಬೀಳುವಂಥ ಮರವನ್ನೇ ಆರಿಸಿದ್ದ ಸತ್ತ ಗಂಡನ ಮೇಲೆ. ಬೇಡ ಎಂದುಬಿಟ್ಟರೆ ಮುಗಿಯಿತು. ಮುಂದಿನ ವರ್ಷವೂ ಬುಟ್ಟಿ ಹೊತ್ತು ಹೋಗಬಹುದು. ಮೊಮ್ಮಗನಿಗೆ ಮದುವೆ ಮಾಡುವ ವಯಸ್ಸು, ಹೆಣ್ಣು ಹುಡುಕಬೇಕು. ಅಷ್ಟು ಸಮಾಚಾರವನ್ನು ಅವಳು ಆಗಲೇ ಕೂಡಿಸಿಟ್ಟುಕೊಂಡಿದ್ದಳು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನೋಸೇ ಬಂದಳು. ಬಾಣಂತಿ, ಅಷ್ಟು ದೂರ ನಡೆಯಬಾರದಿತ್ತು. ಮಗುವನ್ನು ಎದೆಗೆ ಕಟ್ಟಿಕೊಂಡಿದ್ದಳು. ಅವಳು ಮರದ ಮಾತು ತರುತ್ತಾಳೆ, ಅಳುತ್ತಾಳೆ, ಆಗ ಚೆನ್ನಾಗಿ ಬೈದು ಕಳಿಸಬೇಕು ಎಂದು ಲಾಪೊಮೊ ಸಿದ್ಧವಾಗಿ ಕೂತಳು.

ನೋಸೇ ಮರದ ಸುದ್ದಿಯನ್ನೇ ಎತ್ತಲಿಲ್ಲ. "ದೊಡ್ಡಮ್ಮ, ಹಾಲು ಕಟ್ಕೊಂಡು ಎದೆ ಕಲ್ಲಾಗಿದೆ. ಇವಳು ಬಾಯಿ ಹಾಕ್ತಾಳೆ, ಬಿಡ್ತಾಳೆ. ನರ್ಸ್ ಸಿರಪ್ ಕೊಟ್ಟಿದಾರೆ, ಅದೂ ಕಕ್ತಾಳೆ. ನನಗೆ ಅಮ್ಮ ಇಲ್ಲ, ಅತ್ತೇನೂ ಇಲ್ಲ. ನಿಮ್ಮ ಲಾಪೊ ಕುಡೀತಿದ್ಳಾ?"

ನಿಮ್ಮ ಲಾಪೊ ಕುಡೀತಿದ್ಳಾ. ಇಷ್ಟು ವರ್ಷದಲ್ಲಿ ಮಗಳ ಬಗ್ಗೆ ಹೀಗೆ ಒಂದು ಮಾತು ಕೇಳಿದವರು ಯಾರೂ ಇರಲಿಲ್ಲ. ಕೇಳಿದರೆ ನೋವಾದೀತೆಂದು ಊರೆಲ್ಲ ಆ ಹೆಸರನ್ನು ಅವಳನ್ನು ಕರೆಯಲು ಮಾತ್ರ ಉಳಿಸಿಕೊಂಡಿತ್ತು.

"ಎಲ್ಲಿ ಕುಡೀತಿದ್ಳು," ಎಂದಳು ಲಾಪೊಮೊ. "ಅವಳೂ ಹಿಂಗೇ. ನನ್ನ ಪ್ರಾಣ ತಿಂದ್ಳು. ಇಲ್ಲಿ ಕೊಡು ಕೂಸನ್ನ."

ಬಟ್ಟೆ ಬಿಸಿನೀರಿಗೆ ಅದ್ದಿ ನೋಸೇಯ ಎದೆಗೆ ಒತ್ತಲು ಕೊಟ್ಟಳು. ಒಂದಿಷ್ಟು ಹಾಲು ಹಿಂಡಿ ತೆಗೆಸಿದಳು. ಮಗುವನ್ನು ಹೇಗೆ ಓರೆಯಾಗಿ ಹಿಡಿಯಬೇಕೆಂದು ತೋರಿಸಲು ತಾನೇ ಎತ್ತಿಕೊಂಡಳು. ತೂಕವೇ ಇರಲಿಲ್ಲ. ಮೂಗಿನ ಮೇಲೆ ಬೆವರಿತ್ತು. ಅದು ಅವಳ ಬೆರಳನ್ನು ಹಿಡಿದು, ಇವಳು ಹಾಲಿನವಳಲ್ಲ ಎಂದು ತಿಳಿದರೂ ಬಿಡಲಿಲ್ಲ. ಲಾಪೊ ಬೇಕು ಎಂದು ಅವಳಿಗೆ ಆ ಕ್ಷಣ ಎಷ್ಟು ಅನ್ನಿಸಿತೆಂದರೆ, ಮೈಯೆಲ್ಲ ನೋಯಿತು. ಕರಿ ರವಿಕೆಯ ಲಾಪೊ ಅಲ್ಲ, ಎರಡು ಮಕ್ಕಳ ತಾಯಿ ಅಲ್ಲ. ಹಲ್ಲು ಬಿದ್ದ, ಜ್ವರದಲ್ಲಿ ತುಟಿ ಒಣಗಿದ, ನಿಜವಾದ ಲಾಪೊ.

ಮಗು ಸ್ವಲ್ಪ ಕುಡಿಯಿತು, ಮತ್ತೆ ಬಿಟ್ಟು ಅತ್ತಿತು.

"ನಾಳೆ ಬೆಳಿಗ್ಗೆ ಕಾಡಿಗೆ ಬಾ, ಕೂಸನ್ನ ಎತ್ಕೊಂಡು," ಎಂದಳು ಲಾಪೊಮೊ. "ನಿನ್ನ ಗಂಡನಿಗೆ ದೂರ ನಿಲ್ಲೋಕೆ ಹೇಳು. ಅವನ ಮುಖ ನೋಡಿದ್ರೆ ನನಗೆ ಸಿಟ್ಟು ಬರುತ್ತೆ."

ಬೆಳಿಗ್ಗೆ ಮಂಜು ಸರಿಯುವ ಮೊದಲೇ ಅವಳು ಮರದಡಿಯಲ್ಲಿದ್ದಳು. ನೋಸೇ ಮಗುವಿನೊಡನೆ ಬಂದು ಕೂತಳು. ಜೋವಾ ಹೇಳಿದಂತೆ ದೂರದಲ್ಲಿ, ಇನ್ಯಾರದೋ ಮರಕ್ಕೆ ಒರಗಿ ನಿಂತ. ಗೇಪಾ ಅಕ್ಕಿಯ ಹೆಂಡ ತಂದು ಬುಡಕ್ಕೆ ಒಂದಿಷ್ಟು ಸುರಿದು ಪಕ್ಕಕ್ಕೆ ಸರಿದ. ಹೇಳಬೇಕಾದವಳು ಅವಳು.

ಲಾಪೊಮೊ ಮರದ ಮೈ ಮುಟ್ಟಿದಳು. "ಈ ವರ್ಷ ಮಳೆ ಚೆನ್ನಾಗಾಯ್ತು," ಎಂದಳು. "ಕಳೆ ಜಾಸ್ತಿ. ಕುಂಬಳ ಚೆನ್ನಾಗಿ ಬಿಟ್ಟಿದೆ." ನಿಲ್ಲಿಸಿದಳು. ಎಲೆಯಡಿಕೆ ಉಗುಳಿದಳು. "ಗೇಪಾನ ಹಂದಿ ನನ್ನ ಗೆಣಸು ಅಗೆದು ಹಾಕ್ತು."

"ಲಾಪೊಮೊ," ಎಂದ ಗೇಪಾ ಮೆಲ್ಲಗೆ, "ಬೇಕಿದ್ರೆ ನಾನೇ ಆ ಮಾತು..."

"ನೀನು ಬಾಯಿ ಮುಚ್ಕೊಂಡಿರು. ನನ್ನ ಮಗಳು. ನಾನು ಹೇಳ್ತೀನಿ."

ಎರಡೂ ಕೈಯಿಂದ ಮರವನ್ನು ಹಿಡಿದುಕೊಂಡಳು. ಮಗಳು ಹುಟ್ಟಿದಾಗ ಗಂಡ ಆರಿಸಿದ್ದು ತೋಳಿನ ಗಾತ್ರದ ಗಿಡ. ಈಗ ಅವಳ ಎರಡು ತೋಳಿಗೂ ಸಿಗುತ್ತಿರಲಿಲ್ಲ.

"ನಿನಗೆ ಸುಳ್ಳು ಹೇಳ್ತಾ ಬಂದೆ," ಎಂದಳು. "ಅವಳು ಗದ್ದೆಗೆ ಹೋಗಿರ್ಲಿಲ್ಲ. ನೇಯೋಕೆ ಕಲೀಲಿಲ್ಲ. ಮದುವೆ ಆಗ್ಲಿಲ್ಲ, ಮಕ್ಕಳಾಗ್ಲಿಲ್ಲ. ಜ್ವರ ಬಂತು. ಅವರಪ್ಪ ಹೆಗಲ ಮೇಲೆ ಹೊತ್ಕೊಂಡು ಕೆಳಗೆ ಓಡಿದ, ಹೊಳೆ ದಾಟೋ ಮೊದ್ಲೇ ಮುಗೀತು. ಹೊರಡೋ ಮೊದ್ಲು ನೀರು ಕೇಳಿದ್ಳು, ಕೊಟ್ಟೆ. ವಾಸಿಯಾದ್ಮೇಲೆ ನನ್ನ ಮರ ತೋರಿಸ್ತೀಯಾ ಅಮ್ಮ ಅಂದ್ಳು. ಹೂಂ ಅಂದೆ." ಹಣೆಯನ್ನು ತೊಗಟೆಗೆ ಒತ್ತಿದಳು. "ಲಾಪೊ ಸತ್ತುಹೋದ್ಳು. ಆಗಲೇ ಹೋದ್ಳು. ನಿನ್ನನ್ನ ಇಷ್ಟು ಕಾಲ ಕಾಯಿಸಿದೆ, ಬೇಜಾರು ಮಾಡ್ಕೋಬೇಡ. ಇನ್ನು ಅವಳ ಋಣ ನಿನಗಿಲ್ಲ. ಈ ಕೂಸನ್ನ ನೋಡ್ಕೋ."

ಕಾಡಿನಲ್ಲಿ ಏನೂ ಆಗಲಿಲ್ಲ. ಗಾಳಿ ಬೀಸಲಿಲ್ಲ, ಹಕ್ಕಿ ಹಾರಲಿಲ್ಲ. ಒಂದೆರಡು ಬೀಜ ಉದುರಿದವು, ಆ ಕಾಲದಲ್ಲಿ ಉದುರುವುದೇ ಹಾಗೆ. ಅವಳು ಮರವನ್ನು ಹಿಡಿದುಕೊಂಡು ಜೋರಾಗಿ ಅತ್ತಳು. ಮಗಳು ಸತ್ತ ದಿನ ಅಳದೆ ಉಳಿಸಿಕೊಂಡಿದ್ದ ಅಳು ಅದು. ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಮಗುವಿಗೆ ಮಾತ್ರ ಆ ಮರ್ಯಾದೆ ಗೊತ್ತಿರಲಿಲ್ಲ, ತಾಯಿಯ ಎದೆಗೆ ಬಾಯಿ ಹಾಕಿ ಚಪ್ಪರಿಸುವ ಸದ್ದು ಮಾಡುತ್ತಿತ್ತು. ಮುಂದೆ ಊರಿನಲ್ಲಿ ಕೆಲವರು ಮಗು ಹಾಲು ಹಿಡಿದದ್ದು ಮರದಿಂದ ಅಂದರು, ಕೆಲವರು ಬಿಸಿನೀರಿನ ಬಟ್ಟೆಯಿಂದ ಅಂದರು. ನರ್ಸಮ್ಮ ತನ್ನ ಸಿರಪ್ಪಿನಿಂದ ಅಂದಳು.

ಅಳು ನಿಂತ ಮೇಲೆ ನೋಸೇ ಹತ್ತಿರ ಬಂದಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ದೊಡ್ಡಮ್ಮ, ಇವಳಿಗೆ ಲಾಪೊ ಅಂತಾನೇ ಹೆಸರಿಡ್ತೀವಿ. ನಾವಿಬ್ಬರೂ ಮಾತಾಡ್ಕೊಂಡ್ವಿ. ಅಕ್ಕನ ಹೆಸರು ಊರಲ್ಲಿ ಉಳಿಯುತ್ತೆ."

ಲಾಪೊಮೊ ತಲೆಗೆ ಸುತ್ತಿದ ಬಟ್ಟೆಯ ಚುಂಗಿನಿಂದ ಮುಖ ಒರೆಸಿಕೊಂಡಳು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು ಅದು, ಅವಳಿಗೂ ಗೊತ್ತಾಯಿತು.

"ಬೇಡ," ಎಂದಳು.

"ಯಾಕೆ ದೊಡ್ಡಮ್ಮ?"

"ಆ ಹೆಸರಿಟ್ರೆ ನಾಳೆಯಿಂದ ಊರು ನಿನ್ನನ್ನ ಲಾಪೊಮೊ ಅಂತ ಕರೆಯುತ್ತೆ. ಆಮೇಲೆ ನನ್ನನ್ನ ಏನಂತ ಕರೀತಾರೆ?"

ನೋಸೇ ಮಗುವನ್ನು ಎದೆಗೆ ಒತ್ತಿಕೊಂಡಳು.

"ಮರ ತಗೋ. ಮನಸ್ಸಿಂದ ಕೊಟ್ಟಿದೀನಿ. ಬೀಜ ಉದುರಿದಾಗ ನಿನ್ನ ಮಗಳೇ ಆರಿಸ್ಕೊಳ್ಳಲಿ. ಹೆಸರು ಕೇಳ್ಬೇಡ. ಅದೊಂದು ನನಗಿರ್ಲಿ."

ಮಗುವಿನ ಕೆನ್ನೆಯನ್ನು ಒಂದು ಸಲ ಬೆರಳಿನಿಂದ ಸವರಿ ಅವಳು ದಾರಿ ಹಿಡಿದಳು. ಹಿಂದೆ ತಿರುಗಿ ಮರವನ್ನು ನೋಡಲಿಲ್ಲ. ಇಳಿಜಾರಿನಲ್ಲಿ ಮಂಜಿಗೆ ನೆಲ ಒದ್ದೆಯಾಗಿತ್ತು. ಮೇಲಿನಿಂದ ಗೇಪಾ ಕೂಗಿದ.

"ಲಾಪೊಮೊ, ನಿಧಾನ ಕಣೆ, ಜಾರುತ್ತೆ."

"ಓ," ಎಂದಳು.