ನಾಲ್ಕು ಗೇಣಿನ ಬಾಗಿಲು

ಸುನೀಲಕುಮಾರ ಹಾರೆ ಎತ್ತಿಯೇ ಬಿಟ್ಟಿದ್ದ. ಬಾಗಿಲ ಪಕ್ಕದ ಗೋಡೆಗೆ ಮೊದಲ ಏಟು ಬೀಳಬೇಕು, ಅಷ್ಟರಲ್ಲಿ ಅವನ ಮಾವ ನೀಲಕಂಠಪ್ಪ ಬಂದು ಹೊಸ್ತಿಲ ಮೇಲೆ ಕೂತುಬಿಟ್ಟ. ಬೆನ್ನನ್ನು ಆ ಗೋಡೆಗೇ ಆನಿಸಿದ.

"ಮಾವಾರ, ಏಳ್ರಿ. ಹೊತ್ತು ಹೊಂಟದ."

"ಏಳಂಗಿಲ್ಲ."

"ಮತ್ತ ಅತ್ತಿನ್ನ ಹೊರಗ ತರೂದು ಹೆಂಗ್ರಿ?"

ನೀಲಕಂಠಪ್ಪ ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿ ಕೂತ. ಒಳಗೆ ಪಡಸಾಲೆಯಲ್ಲಿ ಅವನ ಹೆಂಡತಿ ಗೊಲ್ಲಾಳಮ್ಮ ಹಣೆತುಂಬ ವಿಭೂತಿ ಧರಿಸಿ, ಹಸಿರು ಸೀರೆ ಉಟ್ಟು, ಮಣೆಯ ಮೇಲೆ ಚಕ್ಕಳಬಕ್ಕಳ ಹಾಕಿಕೊಂಡು ಕೂತಿದ್ದಳು. ನಿನ್ನೆ ಮಧ್ಯಾಹ್ನ ನೀರಿನ ಟಾಕಿಯ ನಳ ಸೋರುವುದನ್ನು ನಿಲ್ಲಿಸಿ, ಕೈ ತೊಳೆದು, ಚಾ ಕುಡಿದು ಅಡ್ಡಾದವಳು ಮತ್ತೆ ಏಳಲಿಲ್ಲ. ಪದ್ಧತಿಯಂತೆ ಸಂಜೆಯೇ ಅವಳನ್ನು ಕೂರಿಸಿದ್ದರು. ಬೆಳಗಾಗುವಷ್ಟರಲ್ಲಿ ದೇಹ ಕೂತಂತೆಯೇ ಸೆಟೆದಿತ್ತು. ಹೊರಗೆ ಓಣಿಯಲ್ಲಿ ಬಾಳೆಕಂಬ, ಚೆಂಡುಹೂ ಕಟ್ಟಿದ, ಶವ ಕೂರಿಸಿ ಹೊರುವ ವಿಮಾನ ತಯಾರಾಗಿ ನಿಂತಿತ್ತು. ಆದರೆ ಗೊಲ್ಲಾಳಮ್ಮನ ಒಂದು ಮೊಣಕಾಲಿನಿಂದ ಇನ್ನೊಂದು ಮೊಣಕಾಲಿನ ಅಗಲ ಬಾಗಿಲಿಗಿಂತ ಹೆಚ್ಚಿತ್ತು. ಎರಡು ಸಲ ಮಣೆಸಮೇತ ಎತ್ತಿ ನೋಡಿ, ಎರಡು ಸಲವೂ ವಾಪಸು ಒಳಗೆ ಇಟ್ಟಿದ್ದರು.

ಹಿತ್ತಲ ಬಾಗಿಲು ಇಲ್ಲದ ಮನೆ ಅದು. ಹಿಂದೆ ಶಹಾಪುರದ ಗುಡ್ಡದ ಬಂಡೆಯೇ ಗೋಡೆ.

"ಸ್ವಲ್ಪ ವಾರಿ ಮಾಡಿ ತಂದ್ರ?" ಎಂದು ಯಾರೋ ಅಂದರು.

ಮಂತ್ರ ಹೇಳಲು ಬಂದಿದ್ದ ಅಯ್ಯನವರು ತಲೆಯಾಡಿಸಿದರು. "ಸಾಮಾನಲ್ಲಪಾ ಅದು, ವಾರಿ ಮಾಡಾಕ. ಕುಂತಂಗ ಹೋಗ್ಬೇಕು."

ಕೊಂಕಲ್ಲಿನಿಂದ ಬಂದಿದ್ದ ಗೊಲ್ಲಾಳಮ್ಮನ ಅಕ್ಕ ಭೀಮವ್ವ ಸೆರಗಿನಿಂದ ಕಣ್ಣೊರಸಿಕೊಂಡು ಮುಂದೆ ಬಂದಳು. "ಒಡೀಲಿ ಬಿಡಪಾ ನೀಲಕಂಠ. ನಾ ಸತ್ತ ಮ್ಯಾಲ ಒಡಸ್ರಿ ಅಂತ ಅಕಿನೇ ಅಂತಿದ್ದಳಲ್ಲ. ಈಗ ಸತ್ತಾಳ."

ಅಷ್ಟು ನೇರವಾಗಿ ಆ ಮಾತನ್ನು ನಿನ್ನೆಯಿಂದ ಯಾರೂ ಅಂದಿರಲಿಲ್ಲ. ನೀಲಕಂಠಪ್ಪ ಮೋರೆ ತಿರುಗಿಸಿಕೊಂಡ.

*

ಆ ಬಾಗಿಲಿನ ಜಗಳಕ್ಕೆ ಅವರ ಮಗಳು ಬಸವೇಶ್ವರಿಯಷ್ಟೇ ವಯಸ್ಸು.

ಮಗಳು ತೊಟ್ಟಿಲಲ್ಲಿದ್ದಾಗ ಹಳೆಯ ಬಾಗಿಲಿನ ಬುಡ ಗೆದ್ದಲು ತಿಂದು ಉದುರಿತ್ತು. ಚೌಕಟ್ಟು ಬೇವಿನದು, ಗಟ್ಟಿಯಿತ್ತು. ಬಾಗಿಲು ಮಾತ್ರ ಮೆತ್ತಗಾಗಿತ್ತು. ಒಂದು ಬೆಳಿಗ್ಗೆ ತೊಟ್ಟಿಲ ಕೆಳಗೆ ಚೇಳು ಸಿಕ್ಕಿತು. ನೀಲಕಂಠಪ್ಪ ಆಗ ಶಹಾಪುರ–ಸುರಪುರ ಬಸ್ಸಿನ ಕಂಡಕ್ಟರು. "ಮುಂದಿನ ತಿಂಗಳು ಮೇಸ್ತ್ರಿನ್ನ ಕರಸೂಣು" ಅಂದ. ಮುಂದಿನ ತಿಂಗಳೂ ಅದನ್ನೇ ಅಂದ. ಟಿಕೆಟು ಹರಿಯುವುದೊಂದು ಬಿಟ್ಟರೆ ಅವನ ಕೈಗೆ ಬೇರೆ ಕೆಲಸ ಒಲಿದಿರಲಿಲ್ಲ.

ಸುರಪುರದಲ್ಲಿ ಯಾವುದೋ ಹಳೆಯ ವಾಡೆ ಬೀಳಿಸಿದ್ದಾರೆ, ಅದರ ಬಾಗಿಲುಗಳನ್ನು ತಿಮ್ಮವ್ವ ಎಂಬ ಮುದುಕಿ ಮಾರುತ್ತಾಳೆ ಎಂಬ ಸುದ್ದಿ ಗೊಲ್ಲಾಳಮ್ಮನಿಗೆ ಸಿಕ್ಕಿತು. ಕೂಸು ಬಿಟ್ಟು ಹೋಗುವಂತಿರಲಿಲ್ಲ. ಚೌಕಟ್ಟಿಗೆ ಕೈಯಿಟ್ಟು ಅಳೆದು ಗಂಡನಿಗೆ ಹೇಳಿದಳು, "ನಾಲ್ಕು ಗೇಣು ಅಗಲ. ಮರೀಬ್ಯಾಡ್ರಿ."

ನೀಲಕಂಠಪ್ಪ ಮರೆಯಲಿಲ್ಲ. ದಾರಿಯುದ್ದಕ್ಕೂ ಜಪಿಸಿಕೊಂಡು ಹೋಗಿ ತಿಮ್ಮವ್ವನಿಗೆ ನಾಲ್ಕು ಗೇಣು ಅಂದ. ತಿಮ್ಮವ್ವ ತನ್ನ ಕೈಯಿಂದ ನಾಲ್ಕು ಗೇಣು ಅಳೆದು ಒಂದು ಸಾಗುವಾನಿ ಬಾಗಿಲನ್ನು ಚೌಕಟ್ಟುಸಮೇತ ಕೊಟ್ಟಳು. ಅದನ್ನು ಬಸ್ಸಿನ ಮೇಲೆ ಹೇರಿಸಿ, ತನ್ನ ಬಾಗಿಲಿಗೆ ತಾನೇ ಲಗೇಜ್ ಟಿಕೆಟು ಹರಿದುಕೊಂಡು ಜಂಬದಿಂದ ಬಂದ. ತಿಮ್ಮವ್ವನದು ಒಣಗಿದ ಪುಟ್ಟ ಕೈ. ಗೊಲ್ಲಾಳಮ್ಮನದು ರೊಟ್ಟಿ ಬಡಿದರೆ ಹಂಚು ತುಂಬುವ ಕೈ. ಬಾಗಿಲು ತಂದು ಹಳೆಯ ಬೇವಿನ ಚೌಕಟ್ಟಿನೊಳಗೆ ನಿಲ್ಲಿಸಿದರೆ ಎರಡೂ ಬದಿ ಬೆಕ್ಕು ಓಡಾಡುವಷ್ಟು ಸಂದು.

"ಇದೇನ್ರಿ?"

"ನಾಲ್ಕು ಗೇಣು. ನೀ ಹೇಳಿದ್ದ."

"ಯಾರ ಗೇಣು?"

"ಗೇಣಂದ್ರ ಗೇಣು! ಅದಕ್ಕೇನು ಹೆಸರಿರ್ತದೇನು?"

ತಪ್ಪು ನಿನ್ನದು ಅಂತ ಅವನು, ನಿಮ್ಮದು ಅಂತ ಅವಳು. ವಾಪಸು ಕೊಡುತ್ತೇನೆ ಎಂದು ಅವನು ಎದ್ದರೆ ಅವಳು ಬಿಡಲಿಲ್ಲ. ಅಂದೇ ಕಚ್ಚೆ ಹಾಕಿ, ಮಣ್ಣು ಕಲಸಿ, ಗುಡ್ಡದ ಕಲ್ಲು ಆರಿಸಿ ತಂದು ಎರಡೂ ಬದಿಯ ಸಂದು ತುಂಬಿದಳು. ಅಡುಗೆಮನೆಯ ಒಲೆ ಬಿಟ್ಟರೆ ಅವಳು ಕಟ್ಟಿದ ಮೊದಲ ಗೋಡೆ ಅದು. ಸೊಟ್ಟಗಿತ್ತು. ಆದರೆ ಚೇಳು ಮತ್ತೆ ಒಳಗೆ ಬರಲಿಲ್ಲ.

ಅಲ್ಲಿಂದ ಅವಳ ಕೈ ನಿಲ್ಲಲಿಲ್ಲ. ಪಾಲಿಶ್ ಮಾಡುವವರು ಬಿಸಾಡಿದ ಫರಸಿ ಕಲ್ಲಿನ ತುಣುಕುಗಳನ್ನು ಹೊತ್ತು ತಂದು ಅಂಗಳಕ್ಕೆ ಹಾಸಿದಳು, ಒಂದರಂತೆ ಒಂದಿರಲಿಲ್ಲ. ಗುಜರಿಯಿಂದ ಬಸ್ಸಿನ ಕಿಟಕಿಯ ರಬ್ಬರು ತಂದು ಬಾಗಿಲ ಬುಡಕ್ಕೆ ಬಡಿದಳು. ನೋಡಿ ನಕ್ಕವರಿಗೆಲ್ಲ ಒಂದೇ ಉತ್ತರ: "ಚೆಂದ ಇರಾಕ ಮದುವಿ ಹೆಣ್ಣೇನು ಅದು? ನಿಂತ್ರ ಸಾಕು." ಅವಳು ಮಾಡಿದ್ದು ನಿಲ್ಲುತ್ತಿತ್ತು ಕೂಡ.

ಬಾಗಿಲಿನ ವಿಷಯದಲ್ಲಿ ಮಾತ್ರ ನೀಲಕಂಠಪ್ಪ ಸೋಲಲಿಲ್ಲ. ಯಾರಾದರೂ ದಪ್ಪನೆಯ ಬೀಗರು ಬಂದು ಬಾಗಿಲಲ್ಲಿ ತಡವರಿಸಿದರೆ ಸಾಕು, ಶುರುಮಾಡುತ್ತಿದ್ದ: "ಒಂದಿನ ಈ ಬಾಗಲಾ ನಮ್ಮನ್ನೂ ಹೊರಗ ಬಿಡಂಗಿಲ್ಲ ನೋಡು."

"ನಾ ಸತ್ತ ಮ್ಯಾಲ ಒಡಸ್ರಿ. ಅಲ್ಲೀತನಕ ಕೈ ಹಚ್ಚಿದ್ರ ನೋಡ್ರಿ."

*

ಈಗ ಅವನು ಗೆದ್ದಿದ್ದ. ಓಣಿಯ ಜನರೆಲ್ಲ ನೋಡುವಂತೆ ಗೆದ್ದಿದ್ದ. ಇಷ್ಟು ವರ್ಷ ಹಟ ಹಿಡಿದು ಆಡಿದ ಮಾತು ಹೀಗೆ ನಿಜವಾಗುತ್ತದೆಂದು ಗೊತ್ತಿದ್ದರೆ ನಾಲಿಗೆ ಕಡಿದುಕೊಳ್ಳುತ್ತಿದ್ದ. ಅವಳು ಮೊದಲು ಕಟ್ಟಿದ ಗೋಡೆಯನ್ನು ಅವಳೆದುರೇ ಒಡೆದು, 'ನೋಡು, ನಿನ್ನ ಕೆಲಸ ತಪ್ಪಿತ್ತು' ಎಂದು ಹೇಳಿ ಕಳಿಸಬೇಕೆ? ಅದು ಅವನಿಂದ ಆಗದ ಮಾತು.

ಅಂಗಳದಲ್ಲಿ ಕಾಯುತ್ತಿದ್ದ ಹೆಂಗಸರ ಮಾತು ಕೇಳುತ್ತಿತ್ತು.

"ನಮ್ಮ ಮನಿ ಬೀಸೋಕಲ್ಲಿನ ಗೂಟ ಅಕಿನೇ ಹಾಕಿದ್ದು. ಇನ್ನಾ ಅಳ್ಳಾಡಿಲ್ಲ."

"ಮುಂಜಾನಿಂದ ಇಷ್ಟು ಮಂದಿ ಕೈಕಾಲು ತೊಳದಾರ, ಎಲ್ಲೆರ ಕೆಸರದೇನು ನೋಡು. ಎಲ್ಲಾ ನೀರು ಅಕಿ ಹಾಸಿದ ಫರಸಿ ಮ್ಯಾಲ ಹರದು ನುಗ್ಗಿಗಿಡಕ್ಕ ಹೊಂಟದ."

ಭೀಮವ್ವ ಅಂದಳು, "ಸಣ್ಣಾಕಿದ್ದಾಗ ಒಂದು ಸೂಜಿಗೆ ದಾರ ಪೋಣಸಾಕ ಬರ್ತಿರ್ಲಿಲ್ಲ ಇಕಿಗೆ. ಎಲ್ಲಿ ಕಲತಳೋ ಏನೋ."

ನೀಲಕಂಠಪ್ಪ ತಲೆಯೆತ್ತಿ ನೋಡಿದ. ತಲೆಯ ಮೇಲೆ ಗೋಡೆಯಲ್ಲಿ ಒಂದು ಮೊಳೆ. ಈ ಮನೆಗೆ ಅವನು ಸ್ವಂತ ಕೈಯಿಂದ ಮಾಡಿದ ಒಂದೇ ಒಂದು ಕೆಲಸ ಅದು. ಅವನು ಎಲ್ಲಿ ಮೊಳೆ ಹೊಡೆದರೂ ಒಂದೋ ಅದು ಡೊಂಕಾಗಬೇಕು, ಇಲ್ಲ ಅವನ ಬೆರಳು ಜಜ್ಜಬೇಕು. ಇದೊಂದು ಮಾತ್ರ ನಿವೃತ್ತಿಯಾದ ವಾರ, ಚರ್ಮದ ಚೀಲ ನೇತುಹಾಕಲೆಂದು ಹೊಡೆದದ್ದು, ಬೆಣ್ಣೆಗೆ ಇಳಿದಂತೆ ಇಳಿದಿತ್ತು. "ನೋಡಿದಿ? ಕೈ ಕುದುರ್‍ಯದ!" ಎಂದು ಕುಣಿದಿದ್ದ. ಗೊಲ್ಲಾಳಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗಿದ್ದಳು. ಹೆಮ್ಮೆಗೆ ಹಾಗೆ ಮಾಡಿದಳೆಂದು ಅವನು ತಿಳಿದಿದ್ದ.

"ಮಾವಾರ," ಸುನೀಲಕುಮಾರ ಹಾರೆ ಕೆಳಗಿಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ನಂಗೂ ಮನಸಿಲ್ರಿ. ಆದ್ರ ಹೊತ್ತು ಮುಣಗೂದರೊಳಗ ಮಣ್ಣಾಗಬೇಕಲ್ರಿ."

ನೀಲಕಂಠಪ್ಪನ ಕಣ್ಣಿಂದ ನೀರಿಳಿಯುತ್ತಿತ್ತು. ಕೊನೆಗೆ ಗೋಡೆಗೆ ಕೈಯೂರಿ ನಿಧಾನಕ್ಕೆ ಎದ್ದ. ಇನ್ನೇನು 'ಒಡಿ' ಅನ್ನಬೇಕು, ಓಣಿಯ ಬಾಯಲ್ಲಿ ಆಟೋ ನಿಂತ ಸದ್ದಾಯಿತು.

*

ಪಕ್ಕದ ಮನೆಯ ಹುಸೇನಬೀ ಮಗಳ ಬಾಣಂತನಕ್ಕೆಂದು ಗೋಗಿಗೆ ಹೋದವಳು. ಬೆಳಿಗ್ಗೆ ಸುದ್ದಿ ಮುಟ್ಟಿದರೂ ಆಟೋದವನು ಸೀಟು ತುಂಬುವವರೆಗೆ ಹೊರಡಲಿಲ್ಲವಂತೆ. ಚಪ್ಪಲಿ ಎಲ್ಲೋ ಬಿಟ್ಟು, ಅಳುತ್ತ ಅಂಗಳಕ್ಕೆ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಹಾರೆ.

"ಅರೇ, ಇದು ಯಾಕೆ?"

ಬಸವೇಶ್ವರಿ ಅವಳನ್ನು ತಬ್ಬಿಕೊಂಡು ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಹುಸೇನಬೀಯ ಅಳು ನಿಂತಿತು. ಬಾಗಿಲನ್ನೊಮ್ಮೆ, ಒಳಗೆ ಕೂತ ಗೆಳತಿಯನ್ನೊಮ್ಮೆ ನೋಡಿದಳು.

"ಬಸೂ, ನಿನ್ನ ಮದುವಿಗೆ ನಿಮ್ಮವ್ವ ತನ್ನ ಅಲಮಾರಿ ಕೊಟ್ಟಳಲ್ಲ. ಅದು ಈ ಮನಿಯಿಂದ ಹೊರಗ ಹೆಂಗ ಹೋತು ಅಂತ ತಿಳಕೊಂಡೀ?"

ಕೊಂಕಲ್ಲಿನ ತವರಿನಿಂದ ಗೊಲ್ಲಾಳಮ್ಮನ ಜೊತೆ ಬಂದ ಕಬ್ಬಿಣದ ಅಲಮಾರಿ ಅದು, ಈ ಬಾಗಿಲು ಬರುವ ಮೊದಲೇ ಒಳಗೆ ಸೇರಿದ್ದು. ಬಾಗಿಲಿಗಿಂತ ಅಗಲವಿತ್ತು. ನೀಲಕಂಠಪ್ಪ ಆವತ್ತು ಕಲ್ಯಾಣಮಂಟಪದ ಓಡಾಟದಲ್ಲಿದ್ದ. ಮನೆಗೆ ಬಂದರೆ ಅಲಮಾರಿ ಇಲ್ಲ, ಬಾಗಿಲು ಇದ್ದಂತೆಯೇ ಇದೆ. ಕೇಳಿದ್ದಕ್ಕೆ ಅವಳು, "ಬಾಗಲದಿಂದನ ಹೋತು. ಮತ್ತೆಲ್ಲಿಂದ ಹೋಗ್ತದ?" ಅಂದಿದ್ದಳು. ಬಿಚ್ಚಿ ತುಂಡು ಮಾಡಿ ಸಾಗಿಸಿರಬೇಕೆಂದುಕೊಂಡು ಅವನು ಮರೆತುಬಿಟ್ಟಿದ್ದ.

"ಆಣೆ ಮಾಡಿಸಿಕೊಂಡಿದ್ದಳು ಅಣ್ಣಾ, ನಿಮಗ ಹೇಳಬಾರದು ಅಂತ," ಹುಸೇನಬೀ ನೀಲಕಂಠಪ್ಪನ ಕಡೆ ತಿರುಗಿದಳು. "ಅಲ್ಲಾ ಮಾಫ್ ಮಾಡ್ಲಿ. ಅದು ಗೋಡಿ ಅಲ್ಲ."

"ಏನು?"

"ಗೋಡಿ ಅಲ್ಲ. ಹಲಗಿ. ಹಲಗಿ ಎಲ್ಲಾ ಮೊದಲ ನಮ್ಮನಿಯಾಗ ಕೊಯ್ದಿಟ್ಟಿದ್ದಳು. ಅಲಮಾರಿ ಹೋದ ದಿನ ಇಬ್ರೂ ಕೂಡಿ ಕಲ್ಲು ಕಿತ್ತಿವಿ. ಮತ್ತ ಕಲ್ಲು ಕಟ್ಟಲಿಲ್ಲ. ಹಳೇ ಬೇವಿನ ಚೌಕಟ್ಟಿಗೆ ಬೋಲ್ಟ್ ಹಾಕಿ ಹಲಗಿ, ಬಾಗಲಾ ಎಲ್ಲಾ ಕೂಡಸಿ, ಮ್ಯಾಲ ಸುಣ್ಣ ಬಳದಳು. ನಿಮ್ಮ ಬಸ್ಸಿನ ಸೀಟು ಹೆಂಗ ಬಿಚ್ತಾರ ಅಂತ ಕೇಳಿದ್ದಳಂತಲ್ಲ ನಿಮಗ?"

ಕೇಳಿದ್ದಳು. ಊಟಕ್ಕೆ ಕೂತಾಗ. ಮೊಳೆ ಹೊಡೆದಿರುವುದಿಲ್ಲ, ಬೋಲ್ಟು ಇರುತ್ತದೆ, ಬೇಕಾದಾಗ ಬಿಚ್ಚಬಹುದು ಎಂದು ತಾನೇ ದೊಡ್ಡ ಪಾಠ ಹೇಳಿದ್ದು ನೆನಪಾಯಿತು.

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಗೆದ್ದಂಗಾಗ್ತದಲ್ಲ!" ಹುಸೇನಬೀ ಅಳುತ್ತಲೇ ನಕ್ಕುಬಿಟ್ಟಳು. "ಬಾಗಲಾ ಸಣ್ಣದಾತು ಅಂತ ಒಪ್ಪಿಕೊಂಡ್ರ ಸಾಯೂತನಕ ಆಡ್ಕೊಂತಾರ ಅಂದಳು."

ನೀಲಕಂಠಪ್ಪ ಬೆರಳು ಮಡಚಿ ಗೋಡೆಯನ್ನು ತಟ್ಟಿದ. ಟೊಕ್ ಟೊಕ್ ಎಂದಿತು. ತನ್ನ ಮೊಳೆಯನ್ನು ನೋಡಿದ. ಬೆಣ್ಣೆಗೆ ಇಳಿದಂತೆ ಇಳಿದ ಮೊಳೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದ್ದು.

"ಎಲಾ ಇಕಿನ," ಎಂದ. ಒಳಗೆ ಕೂತ ಹೆಂಡತಿಯ ಕಡೆ ತಿರುಗಿ, ಎಲ್ಲರೆದುರಿಗೆ, ಜೋರಾಗಿ ನಗಲು ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಬಸವೇಶ್ವರಿ ಜೋಳದ ಹಿಟ್ಟಿನ ಡಬ್ಬಿಯ ಪಕ್ಕದ ಡಬ್ಬಿಯಿಂದ ಬೋಲ್ಟು ಬಿಚ್ಚುವ ಅವ್ವನ ಪಾನಾ ತಂದಳು. ಸುನೀಲಕುಮಾರ ಕೈಚಾಚಿದ.

"ಇಲ್ಲಿ ಕೊಡು," ನೀಲಕಂಠಪ್ಪ ಕಣ್ಣೊರಸಿಕೊಂಡ. "ನಾ ಬಿಚ್ತೀನಿ."

ಹುಸೇನಬೀ ಉಗುರಿನಿಂದ ಸುಣ್ಣ ಕೆರೆದು ಬೋಲ್ಟು ತೋರಿಸಿದಳು. ಅವನು ಪಾನಾ ಕೂರಿಸಿ ತಿರುವಿದ.

"ಉಲ್ಟಾ ಅಣ್ಣಾ, ಉಲ್ಟಾ. ಈ ಕಡಿ."

ಈ ಕಡೆ ತಿರುವಿದರೆ ಸಲೀಸಾಗಿ ಬಂತು. ಪ್ರತಿ ದೀಪಾವಳಿಗೆ ಸುಣ್ಣ ಬಳಿಯುವಾಗ ಅವಳು ಬೋಲ್ಟಿಗೆ ಎಣ್ಣೆ ಬಿಟ್ಟು ಮತ್ತೆ ಮುಚ್ಚುತ್ತಿದ್ದಳು ಎಂದು ಹುಸೇನಬೀ ಹೇಳಿದಳು. ಒಂದೊಂದನ್ನೂ ಅವನೇ ಬಿಚ್ಚಿದ. ಗಂಡಸರು ಹಿಡಿದು ಎಳೆದಾಗ ಬಾಗಿಲು, ಅದರ ಸಾಗುವಾನಿ ಚೌಕಟ್ಟು, ಹಲಗೆ, ಚೀಲ ತೂಗುತ್ತಿದ್ದ ಮೊಳೆ ಎಲ್ಲ ಒಟ್ಟಿಗೆ ಕಳಚಿ ಬಂತು. ಬೇವಿನ ಹಳೆಯ ಚೌಕಟ್ಟು ತೆರೆದುಕೊಂಡಿತು, ಗೊಲ್ಲಾಳಮ್ಮನ ಕೈಯ ನಾಲ್ಕು ಗೇಣು ಅಗಲಕ್ಕೆ. ಪಡಸಾಲೆಯೊಳಗೆ ಬಿಸಿಲು ಬಂದು ಅವಳ ಮಡಿಲಲ್ಲಿದ್ದ ದೊಡ್ಡ ಕೈಗಳ ಮೇಲೆ ಬಿತ್ತು.

ಅಯ್ಯನವರು ಮಂತ್ರ ಶುರುಮಾಡಿದರು. ಗೊಲ್ಲಾಳಮ್ಮ ಎಲ್ಲೂ ತಾಗದೆ, ವಾರೆಯಾಗದೆ, ಕೂತಂತೆಯೇ ಹೊರಗೆ ಬಂದಳು.

*

ಮಣ್ಣು ಮುಗಿಸಿ ಬಂದವರು ಅವಳು ಕೂತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಕೈಮುಗಿದರು. ತೆರೆದ ಬಾಗಿಲಿನಿಂದ ಗುಡ್ಡದ ಗಾಳಿ ನುಗ್ಗಿ ದೀಪ ಹೊಯ್ದಾಡುತ್ತಿತ್ತು.

"ಮೊದಲ ಬಾಗಲಾ ಕೂಡಸೂಣು," ನೀಲಕಂಠಪ್ಪ ಎದ್ದ. "ಚೇಳು ಬರ್ತಾವ."

"ನಾಳಿಗೆ ಬಡಿಗೇರನ್ನ ಕರೀತೀನ್ರಿ ಮಾವಾರ. ಅಗಲನ್ನ ಬಾಗಲಾ ಮಾಡಸೂಣು."

"ಹಿಡಿ ನೀ ಆ ಕಡಿ."

ಸುನೀಲಕುಮಾರ ಚೌಕಟ್ಟು ಹಿಡಿದ. ಹುಸೇನಬೀ ಮೊಬೈಲಿನ ಬೆಳಕು ತೋರಿಸಿದಳು. ನೀಲಕಂಠಪ್ಪ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ. ಈ ಸಲ ಯಾವ ಕಡೆ ತಿರುವಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಬಸವೇಶ್ವರಿ ಬಟ್ಟಲಲ್ಲಿ ಸುಣ್ಣ ಕಲಸಿ ತಂದಳು. "ಅಪ್ಪಾ, ಬೋಲ್ಟಿನ ಮ್ಯಾಲ ಮೆತ್ತಲೇನು? ಅವ್ವ ಮಾಡಿದಂಗ?"

"ಬ್ಯಾಡವ್ವ. ಕಾಣ್ಲಿ."

"ಚೆಂದ ಕಾಣಂಗಿಲ್ಲಲ್ಲಪಾ."

"ಚೆಂದ ಇರಾಕ ಮದುವಿ ಹೆಣ್ಣೇನು ಅದು?"

ಅವನು ಎಣ್ಣೆಯ ಬಟ್ಟಲು ಕೇಳಿ ತರಿಸಿಕೊಂಡ. ಪ್ರತಿ ಬೋಲ್ಟಿಗೂ ಬೆರಳಿನಿಂದ ಎಣ್ಣೆ ಸವರಿದ. ಆಮೇಲೆ ಮೊಳೆಗೆ ನೇತುಬಿದ್ದಿದ್ದ ತನ್ನ ಕಂಡಕ್ಟರ್ ಚೀಲ ತೆಗೆದು ಕೆಳಗಿಟ್ಟ. ಅದರ ಜಾಗಕ್ಕೆ ಹೆಂಡತಿಯ ಪಾನಾ ಸಿಕ್ಕಿಸಿದ. ಅಳಿಯನ ಕಡೆ ನೋಡಿ, "ಇಲ್ಲೇ ಇರ್ತದ, ನೆನಪಿಡು" ಎಂದ.

ಮಗಳು ಸುಣ್ಣದ ಬಟ್ಟಲನ್ನು ಕೆಳಗಿಟ್ಟು ಮುಖ ಮುಚ್ಚಿಕೊಂಡಳು. ನೀಲಕಂಠಪ್ಪ ಗೊಲ್ಲಾಳಮ್ಮ ಮಾಡುತ್ತಿದ್ದಂತೆ ಬಾಗಿಲನ್ನು ಚೂರು ಎತ್ತಿ, ಭುಜ ಕೊಟ್ಟು ತಳ್ಳಿದ. ಬುಡದ ರಬ್ಬರು ಹೊಸ್ತಿಲಿಗೆ ಗಪ್ಪನೆ ಕೂತಿತು. ದೀಪ ನೆಟ್ಟಗಾಯಿತು. ಮೊಳೆಯ ಮೇಲೆ ಪಾನಾ ಎರಡು ಸಲ ಅತ್ತಿತ್ತ ಆಡಿ ನಿಂತಿತು.