ಮಾಚಿಪತ್ರೆಯ ಹೊಗೆ

"ಇದೇನು ಹಚ್ಚೀರಿ, ಅತ್ತಿ?"

ಹೊಗೆಯ ವಾಸನೆಗೆ ಪಂಪಾವತಿ ಅಡುಗೆಮನೆಯಿಂದ ಹೊರಬಂದಿದ್ದಳು. ಗಂಡನ ಮಣ್ಣಿಗೆ ಬಂದ ನೆಂಟರೆಲ್ಲ ಹಿಂದಿನ ಸಂಜೆ ಹೊರಟುಹೋಗಿ, ಕುರುಗೋಡಿನ ಆ ಮನೆಯಲ್ಲಿ ಇನ್ನು ಅತ್ತೆ ಸೊಸೆ ಇಬ್ಬರೇ. ನಳದ ನೀರು ಬಂದಿತ್ತು, ಹಾಲಿನವನೂ ಬಂದು ಹೋಗಿದ್ದ. ಮಗ ಸಮ್ರಾಟನ ಫೋಟೊದ ಮುಂದೆ ಸುಂಕಮ್ಮ ಹೆಬ್ಬೆರಳು ದಪ್ಪದ ಕಡ್ಡಿಯೊಂದನ್ನು ಅಕ್ಕಿಯ ಲೋಟದಲ್ಲಿ ನೆಟ್ಟಿದ್ದಳು.

"ಕಪಾಟಿನ್ಯಾಗಿತ್ತು. ಯಾರೋ ತಂದ ಸಾಂಬ್ರಾಣಿ ಅಂದ್ಕೊಂಡೆ. ಹತ್ತಾಕ ಎಷ್ಟು ಸತಾಯಿಸ್ತು!"

ಅದು ಸಮ್ರಾಟನ ಹೊಟ್ಟೆಗೆ ಶಾಖ ಕೊಡುತ್ತಿದ್ದ, ಮಾಚಿಪತ್ರೆ ಜಾತಿಯ ಒಣಸೊಪ್ಪು ಸುತ್ತಿದ ಕಡ್ಡಿ. ಬಳ್ಳಾರಿಯಲ್ಲಿ ಚೀನಾ ಪದ್ಧತಿಯ ಶಾಖ ಕೊಡುವ ಹೇಮಾ, ಕಡ್ಡಿಯ ತುಂಡನ್ನು ಒಳಗಿಟ್ಟು ಉರಿಸಿ ಹೊಟ್ಟೆಯ ಮೇಲಿಡುವ ಮರದ ಪೆಟ್ಟಿಗೆಯನ್ನೂ ಅವನಿಗೆ ಎರವಲು ಕೊಟ್ಟಿದ್ದಳು. "ಹೊಟ್ಟ್ಯಾಗಿನ ಗಡ್ಡಿ ಇದರಿಂದ ಕರಗಂಗಿಲ್ಲಣ್ಣ, ಡಾಕ್ಟರ್ ಔಷಧ ಬಿಡಬ್ಯಾಡ್ರಿ" ಎಂದು ಮೊದಲೇ ಹೇಳಿದ್ದಳು. ಮೊದಲ ದಿನ ಭೇದಿಯಾದಾಗ ಸುಂಕಮ್ಮ ಫೋನಿನಲ್ಲೇ ಆಕೆಯ ಜನ್ಮ ಜಾಲಾಡಿದ್ದಳು. ಹೇಮಾ ಎದುರಾಡದೆ, ಶಾಖ ನಿಲ್ಲಿಸಿ ಡಾಕ್ಟರಿಗೆ ತೋರಿಸಲು ಹೇಳಿದ್ದಳು. ಡಾಕ್ಟರು ಒಪ್ಪಿದ ಮೇಲೆ ಸಣ್ಣಗೆ ಮತ್ತೆ ಶುರು ಮಾಡಿದರು. ಒಂದು ಸಂಜೆ ಹೊಟ್ಟೆ ಗುರುಗುಟ್ಟಿತು. ತಿಂಗಳುಗಟ್ಟಲೆ ತಟ್ಟೆ ದೂಡುತ್ತಿದ್ದವನು, "ಪಂಪಾ, ರೊಟ್ಟಿ ಐತೇನ?" ಎಂದ. ಕೊನೆಯ ವಾರದವರೆಗೂ ಸಂಜೆಯಾದರೆ ಹಾಗೆ ಕೇಳಿದ. ಪೆಟ್ಟಿಗೆ ಆರಿದ ಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ಅವನು ಹೋದಾಗಿನಿಂದ ಪಂಪಾವತಿಯ ಗಂಟಲಲ್ಲಿ ಅಗುಳು ಇಳಿದಿರಲಿಲ್ಲ. ಚಹಾದಲ್ಲೇ ದಿನ ತಳ್ಳುತ್ತಿದ್ದಳು.

"ಅವರ ಶಾಖದ ಕಡ್ಡಿ, ಅತ್ತಿ."

ಸುಂಕಮ್ಮನ ಮುಖ ಸಣ್ಣದಾಯಿತು. "ಪೆಟ್ಟಿಗ್ಯಾಗ ತುಂಡಷ್ಟೇ ಕಂಡಿದ್ದೆ. ಆರಿಸ್ಲೇನು?"

"ಇರ್ಲಿ ಬಿಡ್ರಿ."

ಇಬ್ಬರೂ ಗೋಡೆಗೊರಗಿ ಕುಳಿತರು. ಹೂವಿನ ದಂಡೆಯ ಮಾಚಿಪತ್ರೆ ಒಣಗಿಸಿ ಸುಟ್ಟಂಥ ವಾಸನೆ ಮನೆ ತುಂಬಿತು. ಯಾರದೋ ಹೊಟ್ಟೆ ಗುರ್ರೆಂದಿತು.

"ನಂದಲ್ಲವ್ವ" ಎಂದಳು ಸುಂಕಮ್ಮ. "ನೀ ಏಳೂದ್ರೊಳಗ ನಾ ಕದ್ದು ಬನ್ ತಿಂದೀನಿ."

ಪಂಪಾವತಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಅಳು ನಿಲ್ಲುವ ಹೊತ್ತಿಗೆ ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಮಧ್ಯಾಹ್ನ ಪೆಟ್ಟಿಗೆ ಮರಳಿಸಲು ಬಳ್ಳಾರಿ ಬಸ್ಸಿಗೆ ಹೊರಟವಳ ಚೀಲಕ್ಕೆ ಸುಂಕಮ್ಮ ರೊಟ್ಟಿಯ ಗಂಟೊಂದನ್ನು ತುರುಕಿದಳು. "ಆ ಹುಡುಗಿಗೆ ಕೊಡು. ಬೈದದ್ದು ಮನಸಿನ್ಯಾಗ ಇಟ್ಕಬ್ಯಾಡ ಅನ್ನು."

ಹೇಮಾ ಪೆಟ್ಟಿಗೆ ನೋಡಿದವಳೇ, "ಇಷ್ಟು ಲಗೂನ ಯಾಕ ತಂದ್ರಿ, ಅಕ್ಕಾ?" ಎಂದಳು.

"ಯಾರಿಗರ ಬೇಕಾಗ್ತೈತಲ್ಲ." ಪಂಪಾವತಿ ರೊಟ್ಟಿಯ ಗಂಟನ್ನು ಅದರ ಪಕ್ಕಕ್ಕಿಟ್ಟಳು. "ನಾ ಉಂಡು ಬಂದೀನಿ. ಇದು ನಿಮಗ. ಅತ್ತಿ ಕಳಿಸ್ಯಾರ."

ಪೆಟ್ಟಿಗೆಯ ಮುಚ್ಚಳದ ಕೊಕ್ಕೆ ಮುರಿದಿತ್ತು. ಅದರ ಜಾಗದಲ್ಲಿ ಸಮ್ರಾಟ್, ತಾನು ಕೆಲಸ ಮಾಡುತ್ತಿದ್ದ ಜೀನ್ಸ್ ಕಾರ್ಖಾನೆಯ ದಪ್ಪ ಹಳದಿ ದಾರವನ್ನು ಕಟ್ಟಿದ್ದ. ಹೇಮಾ ದಾರದ ಗಂಟು ಬಿಚ್ಚಿ, ಬೂದಿ ಕೊಡವಿ, ಅದೇ ದಾರವನ್ನು ಅದೇ ಸುತ್ತಿನಲ್ಲಿ ಮತ್ತೆ ಕಟ್ಟಿದಳು.