ನಾಲ್ಕು ಬೊಟ್ಟು

“ಏಮಮ್ಮಾ ಇದು! ಸ್ಟಾಂಪಿಗೆ ಯಾರಾದ್ರೂ ಕುಂಕುಮ ಇಕ್ತಾರಾ?”

ಹಿಂದೂಪುರದ ಪುಸ್ತಕದಂಗಡಿಯ ರಾಮಲಿಂಗಯ್ಯ ಅಂಚೆಚೀಟಿಗಳನ್ನು ಬಾಗಿಲ ಬೆಳಕಿಗೆ ಹಿಡಿದ. ನಾಲ್ಕು ವರ್ಷದ ಹಿಂದೆ ಆಗಸ್ಟ್ ಹದಿನೈದಕ್ಕೆ ಬಿಟ್ಟ, ಗಾಂಧೀಜಿಯ ಮುಖವಿದ್ದ ಹನ್ನೆರಡಾಣೆಯ ನಾಲ್ಕು ಚೀಟಿ.

“ದೇವರ ಗೂಡಲ್ಲಿಟ್ಟಿದ್ವಿ ಕಣಣ್ಣಾ. ಪ್ರತಿ ವರ್ಷ ಆ ದಿನ ಪಾಯ್ಸ ಮಾಡಿ ಎಡೆ ಇಕ್ತೀವಿ. ವರ್ಷಕ್ಕೊಂದು ಚೀಟಿಗೆ ಬೊಟ್ಟು. ನಮ್ಮ ಹುಡುಗೀನೇ ಇಕ್ಕೋದು” ಎಂದಳು ನಿರ್ಮಲಮ್ಮ.

ಅವಳು ಮಗಳು ಪಂಪಿಯೊಂದಿಗೆ ಬೆಳಗಿನ ಬಸ್ಸಿಗೆ ಕಲ್ಯಾಣದುರ್ಗದಿಂದ ಬಂದಿದ್ದಳು. ಪಂಪಿಗೆ ಶಾಲೆಯ ಕರಿಹಲಗೆ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿಸದಿದ್ದರೆ ಮುಂದಿನ ತರಗತಿಗೆ ಕಳಿಸುವುದಿಲ್ಲವೆಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಕನ್ನಡಕಕ್ಕೆ ಒಂಬತ್ತು ರೂಪಾಯಿ. ಇಂಥ ನಾಲ್ಕು ಚೀಟಿಗೆ ರಾಮಲಿಂಗಯ್ಯ ಹತ್ತು ಕೊಡುತ್ತಾನೆಂದು ನೆರೆಮನೆಯ ಕೊಟ್ಟೂರಪ್ಪ ಆಣೆ ಮಾಡಿದ್ದ.

“ಹತ್ತಲ್ಲ, ಹನ್ನೆರಡೇ ಕೊಡ್ತಿದ್ದೆ, ಹೊಸದರಂಗೆ ಇದ್ದಿದ್ರೆ. ಕಲೆ ಬಿದ್ದಿದ್ದು ಆಲ್ಬಮ್ಮಿಗೆ ಬರಾಕಿಲ್ಲ ಕಣಮ್ಮ. ಇನ್ನು ಅದರ ಮೇಲೆ ಅಚ್ಚಾಗಿರೋ ಬೆಲೆ ಅಷ್ಟೇ.”

“ಅದನ್ನೇ ಕೊಟ್ಬುಡಣ್ಣ. ಮೂರು ರೂಪಾಯಿ ಆಯ್ತದೆ.”

“ನಾನ್ಯಾಕೆ ಕೊಡ್ಲಿ? ಪೋಸ್ಟಾಫೀಸಿನೋರೂ ದುಡ್ಡು ವಾಪಸ್ ಕೊಡಾಕಿಲ್ಲ. ಕಾಗದ ಬರ್ದು ಅಂಟಿಸ್ಕಳಿ.”

“ಯಾರಿಗೆ ಬರೀಲಿ? ನಮ್ಮ ನೆಂಟ್ರೆಲ್ಲ ಒಂದೇ ಬೀದೀಲಿ ಅವ್ರೆ. ಕೂಗಿದ್ರೆ ಕೇಳ್ತದೆ!”

ರಾಮಲಿಂಗಯ್ಯ ನಕ್ಕ. ಅವಳು ನಗಲಿಲ್ಲ.

ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಸೆರಗಿನ ತುದಿ ನೆನೆಸಿಕೊಂಡು ಕಟ್ಟೆಯ ಮೇಲೆ ಕೂತಳು. ಬೊಟ್ಟು ಉಜ್ಜಿ ತೆಗೆದರೆ ಇನ್ನೊಂದು ಸಲ ಕೇಳಿ ನೋಡಬಹುದು. ಮೊದಲ ವರ್ಷದ ಬೊಟ್ಟು ಹಣೆಯ ನಟ್ಟನಡುವೆ ಇತ್ತು. ಎರಡನೆಯದು ಹುಬ್ಬಿನ ಮೇಲೆ. ಮೂರನೆಯದು ಗಲ್ಲದ ಮೇಲೆ. ಈ ವರ್ಷದ್ದು ಮುಖವನ್ನೇ ಬಿಟ್ಟು ಅಂಚಿಗೆ ಹೋಗಿತ್ತು. ಅದನ್ನು ಇಟ್ಟ ದಿನ ಅವಳು, “ಪೂಜೆ ಅಂದ್ರೆ ನಿಂಗೆ ಆಟ ಆಗ್ಬುಟ್ಟೈತೆ” ಎಂದು ಪಂಪಿಯ ತಲೆಗೊಂದು ಮೊಟಕಿದ್ದಳು.

“ಇದಕ್ಕೆ ಎಲ್ಲಿಟ್ಟೆ ಬೊಟ್ಟು, ಪಂಪಿ?”

ಪಂಪಿ ತಾಯಿಯ ಕೈಯಲ್ಲಿದ್ದ ಚೀಟಿಯತ್ತ ಕತ್ತು ಚಾಚಿದಳು.

“ಹಣೆಗೇ ಕಣಮ್ಮ. ಯಾಕೆ?”

ನಿರ್ಮಲಮ್ಮ ಒದ್ದೆ ಸೆರಗನ್ನು ಮುಷ್ಟಿಯಲ್ಲಿ ಹಿಂಡಿದಳು. ನೀರು ಪಾದದ ಮೇಲೆ ತೊಟ್ಟಿಕ್ಕಿತು. ನಾಲ್ಕೂ ಚೀಟಿಗಳನ್ನು ಬೊಟ್ಟು ಅಳಿಯದಂತೆ ಒಂದೊಂದಾಗಿ ಕಾಗದದ ಮಡಿಕೆಗೆ ಸೇರಿಸಿದಳು.

ಕೆಂಪು ಧೂಳೆಬ್ಬಿಸಿಕೊಂಡು ಬಂದ ಬಸ್ಸು ಅವರ ಮುಂದೆಯೇ ನಿಂತಿತು. ಅದರ ಹಣೆಯ ಮೇಲೆ ಅಂಗೈಯಗಲದ ಬಿಳಿ ಅಕ್ಷರಗಳಲ್ಲಿ ‘ಕಲ್ಯಾಣದುರ್ಗ’ ಎಂದಿತ್ತು.

ಪಂಪಿ ಕಣ್ಣು ಕಿರಿದು ಮಾಡಿ ಅದರತ್ತ ನೋಡಿದಳು. ಆಮೇಲೆ ತಾಯಿಯ ತೋಳು ಹಿಡಿದು ಕೇಳಿದಳು:

“ಇದು ನಮ್ಮೂರಿಗೆ ಹೋಯ್ತದಾ, ಅಮ್ಮಾ?”